ಅಜ್ಜಿಯ ಸೆರಗು ಗ್ರಿಡ್ಡಿಗೆ ಹೊಂದುವುದಿಲ್ಲವಂತೆ

ಇನ್‌ಸ್ಟಾಗ್ರಾಂ ಫೀಡನ್ನು ಚೆಂದಗಾಣಿಸುವುದು ಹೇಗೆಂದು ಹೇಳಿಕೊಡುವವರಿಗೆ ಈಗ ಬರವಿಲ್ಲ. ಅವರ ಉಪದೇಶವನ್ನೆಲ್ಲ ಹಿಂಡಿದರೆ ಉಳಿಯುವುದು ನಾಲ್ಕೇ ಮಾತು. ಮೂರು ಬಣ್ಣ ಆರಿಸಿಕೊಳ್ಳಿ, ಅದರಾಚೆ ಹೋಗಬೇಡಿ. ಎಲ್ಲ ಫೋಟೋಗಳಿಗೂ ಒಂದೇ ಪ್ರಿಸೆಟ್ ಹಾಕಿ. ಒಂಬತ್ತು ಚಿತ್ರಗಳನ್ನು ಒಟ್ಟಿಗೆ ಜೋಡಿಸಿ ನೋಡಿ, ಆಮೇಲೆ ಒಂದೊಂದಾಗಿ ಹಾಕಿ. ಹೊಂದದ್ದನ್ನು ತೆಗೆದುಬಿಡಿ. ಮೊದಲ ಮೂರರ ಬಗ್ಗೆ ನನಗೆ ತಕರಾರಿದೆ. ನಾಲ್ಕನೆಯದರ ಬಗ್ಗೆ ಸಿಟ್ಟೇ ಇದೆ.

ಸಿಟ್ಟಿನ ಕಾರಣ ಹೇಳುತ್ತೇನೆ. ಹಿಂಜವಡಿಯಲ್ಲಿ ಕೆಲಸ ಮಾಡುವ ನನ್ನ ಅಕ್ಕನ ಮಗಳು ದುಡ್ಡು ಕಟ್ಟಿ ಎರಡು ದಿನದ ಆನ್‌ಲೈನ್ ಕೋರ್ಸಿನಲ್ಲಿ ಈ ವಿದ್ಯೆ ಕಲಿತಳು. ಕಲಿತವಳೇ ಹಳೆಯ ಫೋಟೋಗಳನ್ನು ಜರಡಿ ಹಿಡಿದಳು. ಮೊದಲು ಹೋದದ್ದು ಅವಳ ಅಜ್ಜಿಯ ಫೋಟೋ. ಅಂದರೆ ನನ್ನ ಅವ್ವ ಊರ ಮನೆಯ ಕಟ್ಟೆಯ ಮೇಲೆ ಕೂತು ಜೋಳ ಹಸನು ಮಾಡುತ್ತಿದ್ದ ಚಿತ್ರ.

“ಅದನ್ಯಾಕ ತಗದಿ?” ಅಂದೆ.

“ಡಿಲೀಟ್ ಮಾಡಿಲ್ಲ ಮಾಮಾ, ಆರ್ಕೈವ್ ಮಾಡೀನಿ. ಅಜ್ಜಿ ಸೆರಗಿನ ಕೆಂಪು ನನ್ನ ಗ್ರಿಡ್ಡಿಗೆ ಹೊಂದಂಗಿಲ್ಲ.”

ಅದು ಇಳಕಲ್ ಸೀರೆ. ಕೆಂಪು ರೇಷ್ಮೆಯ ಸೆರಗು, ಅದರ ಮೇಲೆ ಬಿಳಿಯ ತೋಪತೆನಿ. ನಮ್ಮ ಕಡೆಯ ಹೆಣ್ಣುಮಕ್ಕಳು ತಲೆತಲಾಂತರದಿಂದ ತಲೆಯ ಮೇಲೆ ಹೊದ್ದುಕೊಂಡ ಬಣ್ಣ. ಅದಕ್ಕೀಗ ಒಂಬತ್ತು ಚೌಕದ ನಡುವೆ ಜಾಗವಿಲ್ಲ, ಏಕೆಂದರೆ ಆ ಹುಡುಗಿ ಆರಿಸಿಕೊಂಡ ಮೂರು ಬಣ್ಣ ಹಾಲುಬಿಳಿ, ಗೋಧಿ ಮತ್ತು ಮಣ್ಣುಕಂದು. ನನಗೆ ಹುಡುಗಿಯ ಮೇಲೆ ಸಿಟ್ಟಿಲ್ಲ. ಬಣ್ಣದ ಪಟ್ಟಿಯನ್ನು ಮೊದಲು ಬರೆದು, ಮನುಷ್ಯರನ್ನು ಆಮೇಲೆ ಅದಕ್ಕೆ ಹೊಂದಿಸಿ ಎಂದು ಕಲಿಸಿದ ಆ ಪಾಠದ ಮೇಲೆ ಸಿಟ್ಟು.

ಮೊದಲಿಗೆ ಲೆಕ್ಕಾಚಾರದ ಮಾತನ್ನೇ ಆಡೋಣ. ಈ ಗ್ರಿಡ್ ಎಂಬುದು ನಮ್ಮ ಅಂಗಳವಲ್ಲ, ಬಾಡಿಗೆ ಜಾಗ. 2010ರ ಅಕ್ಟೋಬರಿನಲ್ಲಿ ಇನ್‌ಸ್ಟಾಗ್ರಾಂ ಶುರುವಾದಾಗ ಚೌಕ ಫೋಟೋ ಬಿಟ್ಟರೆ ಬೇರೆಯದಕ್ಕೆ ಅವಕಾಶವಿರಲಿಲ್ಲ. 2015ರಲ್ಲಿ ಉದ್ದ, ಅಡ್ಡ ಚಿತ್ರಗಳಿಗೂ ಬಾಗಿಲು ತೆರೆಯಿತು. 2016ರಲ್ಲಿ ಹಾಕಿದ ಹೊತ್ತಿನ ಕ್ರಮ ಹೋಗಿ, ಯಾರಿಗೆ ಯಾವುದನ್ನು ಮೊದಲು ತೋರಿಸಬೇಕೆಂಬುದನ್ನು ಕಂಪನಿಯ ಅಲ್ಗಾರಿದಮ್ಮೇ ತೀರ್ಮಾನಿಸತೊಡಗಿತು. 2020ರಲ್ಲಿ ರೀಲ್ಸ್ ಬಂದು ಫೋಟೋಗಳನ್ನು ಮೂಲೆಗೆ ತಳ್ಳಿತು. ಕೊನೆಗೆ 2025ರ ಜನವರಿಯಲ್ಲಿ ಪ್ರೊಫೈಲಿನ ಚೌಕಗಳೆಲ್ಲ ನಿಂತ ಆಯತಗಳಾದವು. ತಿಂಗಳುಗಟ್ಟಲೆ ಕೂತು ಒಂಬತ್ತು ತುಂಡುಗಳ ಚಿತ್ರಪಟ ಜೋಡಿಸಿದ್ದವರ ಗೆರೆಗಳು ತಪ್ಪಿದವು, ಅಂಚಿನ ಅಕ್ಷರಗಳು ತುಂಡಾದವು. ಯಾರದೋ ಅಂಗಳದಲ್ಲಿ ರಂಗೋಲಿ ಹಾಕಿ, ಮನೆಯ ಯಜಮಾನ ಅಂಗಳ ಅಗೆಸಿದನೆಂದು ಅತ್ತರೆ ಏನು ಬಂತು?

ಅದೂ ಹೋಗಲಿ, ಈ ಗ್ರಿಡ್ಡನ್ನು ನೋಡುವವರು ಯಾರು? ನಿಮ್ಮನ್ನು ಫಾಲೋ ಮಾಡುವ ಗೆಳತಿಗೆ ನಿಮ್ಮ ಚಿತ್ರ ಕಾಣುವುದು ಒಂಟಿಯಾಗಿ. ಮೇಲೆ ಯಾವುದೋ ಹಾಸಿಗೆಯ ಜಾಹೀರಾತು, ಕೆಳಗೆ ಯಾರದೋ ನಾಯಿಮರಿಯ ರೀಲ್. ಒಂಬತ್ತೂ ಒಟ್ಟಿಗೆ ಕಾಣಬೇಕಾದರೆ ಅವಳು ನಿಮ್ಮ ಹೆಸರು ಒತ್ತಿ ಒಳಗೆ ಬರಬೇಕು. ಹಾಗೆ ಬರುವವರು ಗುರುತಿಲ್ಲದವರು, ಇಲ್ಲವೇ ಸಂಬಂಧ ನೋಡಲು ಹೊರಟವರು. ಅವರಿಗಾಗಿ ಅಜ್ಜಿಯನ್ನು ಅಟ್ಟಕ್ಕೆ ಹಾಕಬೇಕೇ?

ಎರಡನೆಯ ತಕರಾರು ಪ್ರಿಸೆಟ್ಟಿನದು. ಪ್ರಿಸೆಟ್ ಎಂದರೆ ಬೇರೆ ಯಾರೋ, ಬೇರೆ ಯಾವುದೋ ಬೆಳಕಿನಲ್ಲಿ ತೆಗೆದ ಚಿತ್ರಕ್ಕೆ ಮಾಡಿಕೊಂಡ ತಿದ್ದುಪಡಿಗಳ ಗಂಟು. ಅದನ್ನು ದುಡ್ಡು ಕೊಟ್ಟು ತಂದು ನಮ್ಮ ಚಿತ್ರದ ಮೇಲೆ ಸುರಿಯುತ್ತೇವೆ. ಈಗ ಹೆಚ್ಚು ಓಡುತ್ತಿರುವ ಕಂದು ಛಾಯೆಯ ಪ್ರಿಸೆಟ್ಟುಗಳು ಮಾಡುವುದು ಮುಖ್ಯವಾಗಿ ಮೂರು ಕೆಲಸ. ಹಸಿರನ್ನು ಹಳದಿಯತ್ತ ತಳ್ಳಿ ಅದರ ಕಸುವು ತೆಗೆಯುತ್ತವೆ, ನೀಲಿಯನ್ನು ಮಂಕಾಗಿಸುತ್ತವೆ, ಕಪ್ಪನ್ನು ಬೂದಿಯತ್ತ ಎತ್ತುತ್ತವೆ.

ಜುಲೈ ತಿಂಗಳಲ್ಲಿ ಸಿಂಹಗಡ ಹತ್ತಿದವರನ್ನು ಕೇಳಿ. ಬೇಸಗೆಯಲ್ಲಿ ಒಣಹುಲ್ಲಿನ ಬಣ್ಣಕ್ಕೆ ತಿರುಗಿದ್ದ ಗುಡ್ಡ ಮಳೆ ಬಿದ್ದು ಕೆಲವೇ ವಾರಗಳಲ್ಲಿ ಕಣ್ಣು ಕುಕ್ಕುವ ಹಸಿರಾಗುತ್ತದೆ. ಆ ಹಸಿರಿಗಾಗಿಯೇ ಊರಿಗೂರೇ ಬೈಕು ಹತ್ತಿ, ಘಾಟಿನಲ್ಲಿ ಟ್ರಾಫಿಕ್ಕಿಗೆ ಸಿಕ್ಕಿ, ನೆನೆದು ತೊಪ್ಪೆಯಾಗಿ ಮೇಲೆ ಹೋಗಿ ಪಿಠಲಾ-ಭಾಕ್ರಿ ತಿಂದು ಬರುತ್ತದೆ. ಅದೇ ಸಂಜೆ ಅದೇ ಜನರ ಫೀಡ್ ನೋಡಿ. ಗುಡ್ಡ ಮತ್ತೆ ಏಪ್ರಿಲ್ಲಿಗೆ ಹೋಗಿರುತ್ತದೆ! ಮಳೆಗಾಲವನ್ನು ನೋಡಲು ಹೋಗಿ, ಅದನ್ನು ಅಳಿಸಿ ಮನೆಗೆ ತರುವುದಕ್ಕೆ ಸೌಂದರ್ಯಪ್ರಜ್ಞೆ ಎಂದು ಹೆಸರು.

ಗುಡ್ಡಕ್ಕೆ ಆದದ್ದು ಚರ್ಮಕ್ಕೂ ಆಗುತ್ತದೆ. ಇದು ಇಂದಿನ ಕತೆಯಲ್ಲ. ಫಿಲ್ಮ್ ಕಾಲದಲ್ಲಿ ಫೋಟೋ ಲ್ಯಾಬುಗಳು ಬಣ್ಣ ಸರಿಯಾಗಿದೆಯೇ ಎಂದು ತಾಳೆ ನೋಡಲು ಕೊಡಾಕ್ ಕಂಪನಿ ಒಂದು ಮಾದರಿ ಚಿತ್ರ ಕೊಡುತ್ತಿತ್ತು. ‘ಶರ್ಲಿ ಕಾರ್ಡ್’ ಎಂದು ಅದರ ಹೆಸರು. ಅದರಲ್ಲಿದ್ದವಳು ಬಿಳಿ ಹೆಣ್ಣುಮಗಳು. ಅವಳ ಮೈಬಣ್ಣ ಸರಿಬಂದರೆ ಯಂತ್ರ ಸರಿ ಇದೆ ಎಂದು ಲೆಕ್ಕ. ಉಳಿದ ಮೈಬಣ್ಣದವರು ಆ ಲೆಕ್ಕದಲ್ಲೇ ಬರಲಿಲ್ಲ. ನಮ್ಮ ದೇಶದಲ್ಲಿ ಒಂದು ಕ್ರೀಮು ತನ್ನ ಹೆಸರಿನಿಂದ ‘ಫೇರ್’ ಎಂಬ ಪದವನ್ನು 2020ರಲ್ಲಿ ತೆಗೆದದ್ದು ದೊಡ್ಡ ಸುದ್ದಿಯಾಯಿತು. ಆದರೆ ಸೆಲ್ಫಿ ತೆಗೆಯುವಾಗಲೇ ಮುಖ ಬೆಳ್ಳಗಾಗಿಸುವ ಫಿಲ್ಟರು ಪ್ರತಿ ಜೇಬಿನಲ್ಲೂ ಇದೆ, ಅದಕ್ಕೆ ಟ್ಯೂಬು ಕೂಡ ಬೇಕಾಗಿಲ್ಲ. ಬಿಸಿಲಲ್ಲಿ ದುಡಿದು ಬಂದ ವಂಶದ ಮೈಬಣ್ಣವನ್ನು ನಾವೇ ತಿದ್ದಿ, ತಿದ್ದಿದ್ದನ್ನು ಊರಿಗೆ ಕಳಿಸುತ್ತೇವೆ.

ಊರಿಗೆ ಕಳಿಸುತ್ತೇವೆ ಎಂದೆನಲ್ಲ, ನನ್ನ ಮುಖ್ಯ ಮಾತು ಅಲ್ಲಿಯೇ ಇದೆ. ಪರಊರಿಗೆ ಬಂದ ನಮ್ಮಂಥವರಿಗೆ ಫೀಡ್ ಎಂಬುದು ಬರೀ ಶೋಕಿಯಲ್ಲ. ಹಿಂದಿನವರು ಬರೆಯುತ್ತಿದ್ದ ಇನ್‌ಲ್ಯಾಂಡ್ ಪತ್ರದ ಜಾಗದಲ್ಲಿ ಅದು ಕೂತಿದೆ. ಗದಗಿನಲ್ಲೋ ಕಲಬುರಗಿಯಲ್ಲೋ ಇರುವ ತಂಗಿ ಅದನ್ನು ನೋಡಿ ಅವ್ವನಿಗೆ ತೋರಿಸುತ್ತಾಳೆ. ಆ ಪತ್ರದಲ್ಲಿ ನಾವು ಬರೆಯುತ್ತಿರುವುದೇನು? ಕೋರೆಗಾಂವ್ ಪಾರ್ಕಿನ ಕೆಫೆಯ ಗೋಡೆ, ಶನಿವಾರವಾಡೆಯ ಬಾಗಿಲು, ಕಾಫಿಯ ನೊರೆಯ ಮೇಲಿನ ಎಲೆ. ಮೂವರು ಸೇರಿ ಬಾಡಿಗೆ ಹಂಚಿಕೊಂಡ ಫ್ಲ್ಯಾಟು ಅದರಲ್ಲಿಲ್ಲ. ಹಬ್ಬದ ಹಿಂದಿನ ರಾತ್ರಿ ಸ್ವಾರಗೇಟಿನಲ್ಲಿ ಬ್ಯಾಗು ಹೊತ್ತು ಬಸ್ಸಿಗೆ ನಿಂತದ್ದಿಲ್ಲ. ಮರಾಠಿಯಲ್ಲಿ ತರಕಾರಿ ಚೌಕಾಶಿ ಮಾಡಲು ಕಲಿಸಿದ ಪಕ್ಕದ ಮನೆಯ ಕಾಕೂ ಇಲ್ಲ.

ಫರ್ಗ್ಯುಸನ್ ಕಾಲೇಜು ರಸ್ತೆಯ ‘ವೈಶಾಲಿ’ಯ ದೋಸೆ ಮಾತ್ರ ಎಲ್ಲರ ಫೀಡಿನಲ್ಲೂ ಇದೆ. ಆ ಹೋಟೆಲನ್ನು ಬೆಳೆಸಿದ ಜಗನ್ನಾಥ ಶೆಟ್ಟರು ನಮ್ಮ ಕರಾವಳಿಯಿಂದ ಬಂದವರು ಎಂಬ ಒಂದು ಸಾಲು ಎಷ್ಟು ಜನರ ಶೀರ್ಷಿಕೆಯಲ್ಲಿದೆ? ನಮ್ಮ ಸೆಲ್ಫಿಯ ಹಿಂದೆ ಮಿನುಗುವ ಗಾಜಿನ ಗೋಪುರಗಳಿವೆಯಲ್ಲ, ಅವುಗಳಿಗೆ ಸಿಮೆಂಟು ಹೊತ್ತವರಲ್ಲಿ ಯಾದಗಿರಿ, ಕಲಬುರಗಿ, ವಿಜಯಪುರದ ಕಡೆಯವರೂ ಇದ್ದಾರೆ. ಸೈಟಿನ ಹತ್ತಿರ ಹಾದರೆ ನಮ್ಮದೇ ಕನ್ನಡ ಕಿವಿಗೆ ಬೀಳುತ್ತದೆ. ಗೋಪುರ ಚೌಕಟ್ಟಿನೊಳಗೆ ಬರುತ್ತದೆ, ತಗಡಿನ ಶೆಡ್ಡು ಕ್ರಾಪ್ ಆಗುತ್ತದೆ.

“ನಿಮ್ಮ ಕಾಲದಲ್ಲೇನು, ಸ್ಟುಡಿಯೋದಲ್ಲಿ ಸರೋವರದ ಪರದೆಯ ಮುಂದೆ ನಿಂತು ಫೋಟೋ ತೆಗೆಸಲಿಲ್ಲವೇ?” ಎಂದು ಕೇಳುವವರಿದ್ದಾರೆ. ಹೌದು, ತೆಗೆಸಿದ್ದೇವೆ. ನೆಗೆಟಿವ್ ಮೇಲೆ ಪೆನ್ಸಿಲ್ ಆಡಿಸಿ ಮುಖದ ಕಲೆ ಮುಚ್ಚುವ ಕೈಚಳಕವೂ ಆಗ ಇತ್ತು. ಆದರೆ ಪರದೆಗೆ ಹೊಂದುವುದಿಲ್ಲವೆಂದು ಅಜ್ಜಿಯನ್ನು ಯಾರೂ ಸ್ಟುಡಿಯೋದಿಂದ ಹೊರಗೆ ಕಳಿಸಲಿಲ್ಲ. ಅವಳನ್ನು ನಡುವಿನ ಕುರ್ಚಿಯಲ್ಲಿ ಕೂರಿಸಿ ಉಳಿದವರು ಸುತ್ತ ನಿಂತರು.

“ಒಂದೇ ಛಾಯೆ ಹಿಡಿದು ಕೆಲಸ ಮಾಡುವುದು ಕಲೆಯಲ್ಲವೇ?” ಎಂಬುದು ಇನ್ನೊಂದು ಪ್ರಶ್ನೆ. ಖಂಡಿತ ಕಲೆ. ಇದೇ ಪುಣೆಯ ಲಾ ಕಾಲೇಜು ರಸ್ತೆಯಲ್ಲಿ, ಹಳೆಯ ಪ್ರಭಾತ್ ಸ್ಟುಡಿಯೋದ ಜಾಗದಲ್ಲಿ ಫಿಲ್ಮ್ ಇನ್‌ಸ್ಟಿಟ್ಯೂಟ್ ಇದೆ. ಅಲ್ಲಿ ಕಲಿತ ಗಿರೀಶ ಕಾಸರವಳ್ಳಿಯವರು 1977ರಲ್ಲಿ ‘ಘಟಶ್ರಾದ್ಧ’ ಮಾಡಿದರು. ಇಡೀ ಚಿತ್ರ ಕಪ್ಪು-ಬಿಳುಪು. ಅಲ್ಲಿ ಕಪ್ಪು-ಬಿಳುಪು ಕತೆಯ ಒಳಗಿನಿಂದ ಬಂದಂತಿದೆ, ಆ ಅಗ್ರಹಾರಕ್ಕೂ ಆ ಹೆಣ್ಣಿನ ಸ್ಥಿತಿಗೂ ಅದು ಬೇಕಾಗಿತ್ತು. ನಿಮಗೆ ಹೇಳಬೇಕಾದ ಸಂಗತಿಯೊಂದಿದ್ದು, ಅದು ಕಂದುಬಣ್ಣವನ್ನೇ ಕೇಳಿದರೆ ಧಾರಾಳವಾಗಿ ಬಳಸಿ. ಅಂಗಡಿಯಿಂದ ಕಂದುಬಣ್ಣ ತಂದು, ಅದಕ್ಕೆ ತಕ್ಕ ಬದುಕನ್ನು ಹುಡುಕಬೇಡಿ.

ಹಾಗಾದರೆ ಫೀಡ್ ಚೆಂದವಾಗುವುದೇ ಬೇಡವೇ? ಬೇಕು, ನನಗೂ ಬೇಕು. ಮಸುಕು ಫೋಟೋಗಳನ್ನು ರಾಶಿ ಹಾಕುವುದನ್ನು ನಾನು ಪ್ರಾಮಾಣಿಕತೆ ಎನ್ನುವುದಿಲ್ಲ. ಚೆಂದಕ್ಕೆ ಬೇಕಾದದ್ದು ಬಹುಮಟ್ಟಿಗೆ ಪುಕ್ಕಟೆ. ಮೊದಲು ಅಂಗಿಯ ತುದಿಯಿಂದ ಲೆನ್ಸ್ ಒರೆಸಿ, ಜೇಬಿನ ಜಿಡ್ಡು ಹೋದರೆ ಅರ್ಧ ಮಸುಕು ಹೋಗುತ್ತದೆ. ಟ್ಯೂಬ್‌ಲೈಟ್ ಆರಿಸಿ, ಕೂತವರನ್ನು ಕಿಟಕಿಯ ಪಕ್ಕಕ್ಕೆ ಕರೆಯಿರಿ. ಪುಣೆಯ ಮಳೆಗಾಲದ ಮೋಡದ ಬೆಳಕಿನಂಥ ಮೆತ್ತಗಿನ ಬೆಳಕು ಯಾವ ಆ್ಯಪಿನಲ್ಲೂ ಸಿಗುವುದಿಲ್ಲ, ಅದನ್ನು ಬಳಸಿ. ಝೂಮ್ ಮಾಡುವ ಬದಲು ಎರಡು ಹೆಜ್ಜೆ ಮುಂದೆ ಹೋಗಿ. ಹತ್ತು ತೆಗೆದರೆ ಒಂದು ಹಾಕಿ. ಬಣ್ಣ ತಿದ್ದುವುದಾದರೆ ಕಣ್ಣಿಗೆ ಕಂಡದ್ದರ ಹತ್ತಿರ ತರಲು ತಿದ್ದಿ: ಸಂಜೆ ಬಲ್ಬಿನಡಿ ಅನ್ನ ಹಳದಿಯಾಗಿ ಬಂದರೆ ವೈಟ್ ಬ್ಯಾಲೆನ್ಸ್ ಸರಿಮಾಡಿ ಬೆಳ್ಳಗಾಗಿಸಿ. ಅಷ್ಟು ಮಾಡಿದರೆ ಇಳಕಲ್ಲಿನ ಕೆಂಪೂ ಸಿಂಹಗಡದ ಹಸಿರೂ ಅಕ್ಕಪಕ್ಕ ಕೂತು ಜಗಳವಾಡುವುದಿಲ್ಲ. ಆಡಿದರೂ ನಮ್ಮ ಬದುಕಿನಲ್ಲಿ ಅವು ಅಕ್ಕಪಕ್ಕದಲ್ಲೇ ಇವೆ.

ಚಿತ್ರದ ಕೆಳಗೆ ಕನ್ನಡದಲ್ಲಿ ಬರೆಯಿರಿ. ಯಾರು, ಎಲ್ಲಿ, ಯಾವಾಗ. ಮನೆಯವರನ್ನು ಲೋಕಕ್ಕೆಲ್ಲ ತೋರಿಸಲು ಮನಸ್ಸಿಲ್ಲದಿದ್ದರೆ ಅಕೌಂಟನ್ನು ಪ್ರೈವೇಟ್ ಮಾಡಿಕೊಳ್ಳಿ, ಹಾಕುವ ಮೊದಲು ಅವರನ್ನೊಂದು ಮಾತು ಕೇಳಿ. ಅದು ಮರ್ಯಾದೆ. ಬಣ್ಣ ಹೊಂದಲಿಲ್ಲವೆಂದು ಬಚ್ಚಿಡುವುದು ಬೇರೆಯೇ ಸಂಗತಿ.

ಕೊನೆಯದಾಗಿ, ಫೀಡನ್ನೇ ಆಲ್ಬಮ್ ಎಂದು ನಂಬಿ ಕೂರಬೇಡಿ. ಫೋನಿನ ಹನ್ನೆರಡು ಮೆಗಾಪಿಕ್ಸೆಲ್ ಚಿತ್ರ ಸುಮಾರು 4000 ಪಿಕ್ಸೆಲ್ ಉದ್ದವಿರುತ್ತದೆ. ಇನ್‌ಸ್ಟಾಗ್ರಾಂ ಅದನ್ನು ಸಾಮಾನ್ಯವಾಗಿ 1080 ಪಿಕ್ಸೆಲ್ ಅಗಲಕ್ಕೆ ಇಳಿಸಿ ಇಟ್ಟುಕೊಳ್ಳುತ್ತದೆ. ಇಂಚಿಗೆ 300 ಪಿಕ್ಸೆಲ್ಲಿನಂತೆ ಮುದ್ರಿಸಿದರೆ ಮೂರೂವರೆ ಇಂಚು ಚಿಲ್ಲರೆ. ಮೂಲ ಚಿತ್ರವನ್ನು ಬೇರೆ ಕಡೆ ಕಾಪಿ ಮಾಡಿಡಿ. ವರ್ಷಕ್ಕೆ ಹತ್ತನ್ನಾದರೂ ಪ್ರಿಂಟ್ ಹಾಕಿಸಿ, ಹಿಂದೆ ಹೆಸರು-ತಾರೀಖು ಬರೆದು ಊರಿಗೆ ಒಯ್ಯಿರಿ. ಆ ಹತ್ತರಲ್ಲಿ ಗ್ರಿಡ್ಡಿಗೆ ಹೊಂದದ್ದು ಎಷ್ಟಿವೆ ಎಂದು ಎಣಿಸಿ ನೋಡಿ.