ಅಜ್ಜಿ ಹೂತಿದ್ದನ್ನು ನಾವು ನುಂಗಬೇಕೇ?

ಹೆರಿಗೆಯಲ್ಲಿ ಮಗುವಿನ ಹಿಂದೆಯೇ ಹೊರಬರುವ ಮಾಸನ್ನು ಆವಿಯಲ್ಲಿ ಬೇಯಿಸಿ, ತೆಳ್ಳಗೆ ಹೆಚ್ಚಿ, ಒಣಗಿಸಿ, ಪುಡಿ ಮಾಡಿ, ಕ್ಯಾಪ್ಸೂಲ್‌ಗೆ ತುಂಬಿ ಬಾಣಂತಿಗೆ ನುಂಗಿಸುವ ಪದ್ಧತಿಯೊಂದಿದೆ. ಅಮೆರಿಕದಲ್ಲಿ ಇದೊಂದು ವ್ಯಾಪಾರವೇ ಆಗಿದೆ. 2015ರಲ್ಲಿ ಕಿಮ್ ಕರ್ದಾಶಿಯನ್ ತಾನೂ ನುಂಗುತ್ತಿರುವುದಾಗಿ ಹೇಳಿಕೊಂಡ ಮೇಲೆ ಇದರ ಸುದ್ದಿ ಇನ್ನಷ್ಟು ಹಬ್ಬಿತು. ಈಗ ನಮ್ಮ ಫೋನಿನ ರೀಲ್ಸ್‌ಗೂ ಬಂದಿದೆ. ಸುಸ್ತು ಹೋಗುತ್ತದೆ, ರಕ್ತ ಹೆಚ್ಚುತ್ತದೆ, ಹಾಲು ಚೆನ್ನಾಗಿ ಬರುತ್ತದೆ, ಮನಸ್ಸು ಕುಗ್ಗುವುದಿಲ್ಲ ಎಂಬುದು ಪ್ರಚಾರ. ಕೊನೆಗೆ 'ಇದು ಪ್ರಾಚೀನರ ಜ್ಞಾನ' ಎಂಬ ಮಾತನ್ನೂ ಸೇರಿಸುತ್ತಾರೆ. ನನ್ನ ತಕರಾರು ಶುರುವಾಗುವುದೇ ಈ ಕೊನೆಯ ಮಾತಿನಿಂದ.

ನಾನು ಅತ್ತಿಗುಂಡಿಯವಳು. ಬಾಬಾ ಬುಡನ್‌ಗಿರಿಗೆ ಹೋಗುವ ದಾರಿಯಲ್ಲಿ ಸಿಗುವ ಕಾಫಿ ತೋಟಗಳ ಊರು. ಮಳೆಗಾಲದ ರಾತ್ರಿ ನೋವು ಕಾಣಿಸಿಕೊಂಡರೆ ಘಾಟಿ ಇಳಿದು ಚಿಕ್ಕಮಗಳೂರು ಸೇರುವುದು ಈಗಲೂ ಸುಲಭವಲ್ಲ. ಅಜ್ಜಿಯ ಕಾಲದಲ್ಲಂತೂ ಹೆರಿಗೆಗಳೆಲ್ಲ ಮನೆಯಲ್ಲೇ. ಆಗ ಮಾಸನ್ನು ಏನು ಮಾಡುತ್ತಿದ್ದಿರಿ ಎಂದು ಅಜ್ಜಿಯನ್ನೇ ಕೇಳಿದೆ. 'ಏನ್ಮಾಡೋದು, ಹಿತ್ತಲಲ್ಲಿ ಆಳಕ್ಕೆ ಗುಂಡಿ ತೆಗೆದು ಹೂಳೋದು. ನಾಯಿ ಕೆದಕದ ಹಾಗೆ ಮೇಲೊಂದು ಕಲ್ಲು' ಎಂದರು. ಅದನ್ನು ತಿನ್ನುವವರೂ ಇದ್ದಾರೆ ಎಂದಾಗ ಎಲೆಅಡಿಕೆ ಜಗಿಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು.

ಹಸು ಕರು ಹಾಕಿದಾಗಲೂ ಅದು ತನ್ನ ಮಾಸನ್ನು ತಿನ್ನದಂತೆ ಮನೆಯವರು ಕಾದು ಕೂರುತ್ತಾರೆ. ಬಿದ್ದ ಮಾಸನ್ನು ಹುಲ್ಲಿನಲ್ಲಿ ಸುತ್ತಿ, ಆಲದಂಥ ಹಾಲು ಒಸರುವ ಮರಕ್ಕೆ ಕಟ್ಟುವ ರೂಢಿ ಕರ್ನಾಟಕದ ಎಷ್ಟೋ ಹಳ್ಳಿಗಳಲ್ಲಿದೆ. ಮರದಂತೆ ಹಸುವೂ ಹಾಲು ಸುರಿಸಲಿ ಎಂಬ ಆಸೆ. ಅದು ಬರೀ ನಂಬಿಕೆ ಇರಬಹುದು. ಆದರೆ ಪರಂಪರೆಯ ಹೆಸರು ಹೇಳುವುದಾದರೆ ನಮ್ಮ ಪರಂಪರೆ ಹೂಳುವುದು, ಕಟ್ಟುವುದು. ನುಂಗುವುದಲ್ಲ.

ಇದು ನಮ್ಮೂರಿನ ಕಥೆ ಮಾತ್ರವಲ್ಲ. ಅಮೆರಿಕದ ನೆವಾಡಾ ವಿಶ್ವವಿದ್ಯಾಲಯದ ಮಾನವಶಾಸ್ತ್ರಜ್ಞರಾದ ಶಾರನ್ ಯಂಗ್ ಮತ್ತು ಡೇನಿಯಲ್ ಬೆನಿಶೆಕ್ ಜಗತ್ತಿನ 179 ಸಮುದಾಯಗಳ ದಾಖಲೆಗಳನ್ನು ಜಾಲಾಡಿ 2010ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಬಾಣಂತಿ ತನ್ನ ಮಾಸನ್ನು ತಾನೇ ತಿನ್ನುವ ಸಂಪ್ರದಾಯ ಅವರಿಗೆ ಒಂದರಲ್ಲೂ ಸಿಗಲಿಲ್ಲ. ಚೀನಾದಲ್ಲಿ ಒಣಗಿಸಿದ ಮಾಸು ಔಷಧವಾಗಿತ್ತು ನಿಜ. ಆದರೆ ಅದು ಬೇರೆ ಬೇರೆ ಕಾಯಿಲೆಯವರಿಗೆ ಕೊಡುತ್ತಿದ್ದ ಮದ್ದು, ಬಾಣಂತಿಯರಿಗೆಂದೇ ಇದ್ದ ಆಚರಣೆಯಲ್ಲ. ಆ ದೇಶವೂ 2015ರ ತನ್ನ ಅಧಿಕೃತ ಔಷಧಕೋಶದಿಂದ ಅದನ್ನು ಕೈಬಿಟ್ಟಿದೆ. ಹೆತ್ತವಳೇ ತಿನ್ನುವ ಅಭ್ಯಾಸ ಕಾಣಿಸಿಕೊಂಡಿದ್ದು 1970ರ ದಶಕದ ಅಮೆರಿಕದಲ್ಲಿ. ನಮ್ಮ ಅಪ್ಪ-ಅಮ್ಮನ ವಯಸ್ಸಿನದನ್ನು 'ಪ್ರಾಚೀನ' ಎನ್ನುತ್ತಿದ್ದೇವೆ!

ಹಳೆಯದಲ್ಲದಿದ್ದರೇನು, ಕೆಲಸ ಮಾಡಿದರೆ ಸಾಕಲ್ಲ ಎನ್ನಬಹುದು. ನ್ಯಾಯವಾದ ಪ್ರಶ್ನೆ. ಅದೇ ಸಂಶೋಧಕರ ತಂಡ ಕೆಲವು ಬಾಣಂತಿಯರಿಗೆ ಮಾಸಿನ ಕ್ಯಾಪ್ಸೂಲ್, ಉಳಿದವರಿಗೆ ಹಾಗೆಯೇ ಕಾಣುವ ಮಾಂಸದ ಪುಡಿಯ ಕ್ಯಾಪ್ಸೂಲ್ ಕೊಟ್ಟು ನೋಡಿತು. ಯಾರು ಯಾವುದನ್ನು ನುಂಗುತ್ತಿದ್ದಾರೆಂದು ಅವರಿಗೇ ಗೊತ್ತಿರಲಿಲ್ಲ. ಸುಸ್ತು, ಮನಸ್ಥಿತಿ, ಕಬ್ಬಿಣಾಂಶ ಯಾವುದರಲ್ಲೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಇವು ಮೂವತ್ತಕ್ಕೂ ಕಡಿಮೆ ಮಹಿಳೆಯರ ಸಣ್ಣ ಅಧ್ಯಯನಗಳು, ಇವೇ ಅಂತಿಮವಲ್ಲ. ಆದರೆ ಹಣ ಕೊಟ್ಟು ಕೊಳ್ಳುವ ವಸ್ತುವಿಗೆ ಪುರಾವೆ ಒದಗಿಸಬೇಕಾದವರು ಮಾರುವವರು.

ಕಬ್ಬಿಣಾಂಶದ ಲೆಕ್ಕವನ್ನೇ ನೋಡಿ. ಒಂದು ದಿನಕ್ಕೆ ನುಂಗುವಷ್ಟು ಮಾಸಿನ ಪುಡಿಯಲ್ಲಿ ಸಿಗುವ ಕಬ್ಬಿಣ ಸುಮಾರು 2 ಮಿಲಿಗ್ರಾಂ. ನಮ್ಮ ಆಶಾ ಕಾರ್ಯಕರ್ತೆ ಉಚಿತವಾಗಿ ತಂದುಕೊಡುವ ಮಾತ್ರೆಯಲ್ಲಿ ಇರುವುದು 60 ಮಿಲಿಗ್ರಾಂ. ಹೆರಿಗೆಯ ನಂತರವೂ 180 ದಿನ ಅದನ್ನು ತೆಗೆದುಕೊಳ್ಳಬೇಕು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಗರ್ಭಿಣಿಯರಲ್ಲಿ ನೂರಕ್ಕೆ ಸುಮಾರು 45 ಮಂದಿಗೆ ರಕ್ತಹೀನತೆ ಇದೆ. ಇಂಥ ರಾಜ್ಯದಲ್ಲಿ ಪುಕ್ಕಟೆ ಸಿಗುವ ಮಾತ್ರೆ 'ವಾಕರಿಕೆ' ಎಂದು ಕಪಾಟು ಸೇರುತ್ತದೆ, 2 ಮಿಲಿಗ್ರಾಂನ ಕ್ಯಾಪ್ಸೂಲ್ ಲೈಕ್ಸ್ ಗಿಟ್ಟಿಸುತ್ತದೆ.

ಅಪಾಯವೂ ಇಲ್ಲದಿಲ್ಲ. ಅಮೆರಿಕದ ಒರೆಗಾನ್‌ನಲ್ಲಿ 2016ರಲ್ಲಿ ಹುಟ್ಟಿದ ಮಗುವೊಂದು ರಕ್ತದ ಸೋಂಕಿನಿಂದ ಒಂದಲ್ಲ, ಎರಡು ಸಲ ಆಸ್ಪತ್ರೆ ಸೇರಿತು. ತಾಯಿ ನುಂಗುತ್ತಿದ್ದ ಮಾಸಿನ ಕ್ಯಾಪ್ಸೂಲ್ ಪರೀಕ್ಷಿಸಿದರೆ ಅದರಲ್ಲೂ ಅದೇ ಬ್ಯಾಕ್ಟೀರಿಯಾ. ಸೋಂಕು ಬೇರೆ ಕಡೆಯಿಂದ ಬಂದಿರುವ ಸಾಧ್ಯತೆಯನ್ನು ವೈದ್ಯರು ಪೂರ್ತಿ ತಳ್ಳಿಹಾಕಲಿಲ್ಲ. ಆದರೂ ಅಲ್ಲಿನ ರೋಗ ನಿಯಂತ್ರಣ ಕೇಂದ್ರ ಸಿಡಿಸಿ, ಇಂಥ ಕ್ಯಾಪ್ಸೂಲ್ ಬೇಡ ಎಂದು 2017ರಲ್ಲಿ ಎಚ್ಚರಿಸಿತು. ಒಣಗಿಸಿದ ಮಾತ್ರಕ್ಕೆ ಎಲ್ಲ ರೋಗಾಣು ಸಾಯುವುದಿಲ್ಲ. ನಮ್ಮ ದೇಶದ 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳ ಪ್ರಕಾರವೂ ಆಸ್ಪತ್ರೆಯಲ್ಲಿ ಮಾಸು ಸೇರಬೇಕಾದ್ದು ಹಳದಿ ಚೀಲಕ್ಕೆ. ಅದನ್ನು ಸುಡಬೇಕು, ದೂರದ ಹಳ್ಳಿಗಾಡಾದರೆ ಆಳದಲ್ಲಿ ಹೂಳಬೇಕು. ಅಜ್ಜಿಯ ಕಲ್ಲು ಹೇಳಿದ್ದೂ ಅದನ್ನೇ.

'ಪ್ರಾಣಿಗಳು ತಿನ್ನುತ್ತವಲ್ಲ?' ಎಂಬ ವಾದ ಉಳಿಯಿತು. ಹೆಚ್ಚಿನ ಸಸ್ತನಿಗಳು ತಿನ್ನುತ್ತವೆ, ಒಂಟೆ ತಿನ್ನುವುದಿಲ್ಲ. ಪ್ರಾಣಿಗಳು ಇನ್ನೂ ಏನೇನೋ ಮಾಡುತ್ತವೆ, ಅದನ್ನೆಲ್ಲ ನಾವು ಕ್ಯಾಪ್ಸೂಲ್ ಮಾಡುವುದಿಲ್ಲ.

ಹಾಗಾದರೆ ಓದಿದ ಹೆಣ್ಣುಮಕ್ಕಳೂ ಇದಕ್ಕೆ ಮರುಳಾಗುವುದೇಕೆ? ಅವರನ್ನು ಮೂರ್ಖರೆನ್ನಲು ನಾನು ತಯಾರಿಲ್ಲ. ನಗರದ ಫ್ಲ್ಯಾಟ್‌ನಲ್ಲಿ ಗಂಡ ಕೆಲಸಕ್ಕೆ ಹೋದ ಮೇಲೆ, ನಿದ್ದೆಯಿಲ್ಲದೆ, ಅಳುವ ಕೂಸಿನೊಂದಿಗೆ ಒಬ್ಬಳೇ ಕುಳಿತವಳಿಗೆ 'ಇದನ್ನು ನುಂಗು, ಸರಿಹೋಗುತ್ತೀಯ' ಎಂದರೆ ಯಾಕೆ ಬೇಡವೆನ್ನುತ್ತಾಳೆ? ನಮ್ಮ ಬಾಣಂತನದಲ್ಲಿದ್ದ ಮದ್ದು ಮನುಷ್ಯರೇ. ಹಂಡೆ ನೀರು ಕಾಯಿಸುವವರೊಬ್ಬರು, ಕಾಳುಮೆಣಸಿನ ಸಾರು ಮಾಡುವವರೊಬ್ಬರು, ರಾತ್ರಿ ಮಗು ಎತ್ತಿಕೊಳ್ಳುವವರೊಬ್ಬರು. ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮ ಹಣ ಮುಟ್ಟದೆ 15 ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದರು. 2018ರಲ್ಲಿ ಅವರಿಗೆ ಬಂದ ಪದ್ಮಶ್ರೀ ಯಾವುದೋ ಪುಡಿಗೆ ಸಂದದ್ದಲ್ಲ, ಕರೆದಾಗ ಎದ್ದು ಬಂದ ಕೈಗಳಿಗೆ ಸಂದದ್ದು.

ಹಳೆಯದೆಲ್ಲ ಚಿನ್ನ ಎಂದೂ ಹೇಳುತ್ತಿಲ್ಲ. ಮೊದಲ ಹಾಲನ್ನು ಹಿಂಡಿ ಚೆಲ್ಲುವುದು, ಬಾಣಂತಿಗೆ ನೀರು ಕೊಡದಿರುವುದು, ಹೊಗೆ ತುಂಬಿದ ಕತ್ತಲೆ ಕೋಣೆ ಇವೆಲ್ಲ ತಪ್ಪೇ. ಆ ಆರೈಕೆಯೂ ಎಲ್ಲರಿಗೆ ಸಿಗಲಿಲ್ಲ. ತೋಟದ ಲೈನ್ ಮನೆಗಳಲ್ಲಿ ಕೂಸನ್ನು ಬಿಟ್ಟು ಬೇಗನೆ ಕೂಲಿಗೆ ಹೊರಟವರನ್ನು ನಾನು ನೋಡಿದ್ದೇನೆ. 2017ರ ತಿದ್ದುಪಡಿಯಿಂದ ಹೆರಿಗೆ ರಜೆ 26 ವಾರವಾಯಿತು. ಆದರೆ ಇವತ್ತು ಈ ತೋಟ, ನಾಳೆ ಆ ತೋಟ ಎನ್ನುವ ದಿನಗೂಲಿಯವರಿಗೆ ಆ ರಜೆ ಕೈಗೆ ಸಿಗುವುದು ಕಷ್ಟ. ಅವರಿಗೆ ಬೇಕಿರುವುದು ವಿಶ್ರಾಂತಿ, ಊಟ.

ಇದು ಮದುವೆಯಾದವರ ವಿಷಯ, ನಮಗೇಕೆ ಎನ್ನಬೇಡಿ. ನಮ್ಮ ಅಕ್ಕ, ಅತ್ತಿಗೆಯರ ಫೋನಿಗೆ ರೀಲ್ಸ್ ಕಳಿಸುವವರು ನಾವೇ. ಕೆಲಸ ಹುಡುಕುತ್ತಿರುವ ಗೆಳತಿಯೊಬ್ಬಳು ಆನ್‌ಲೈನ್ ಕೋರ್ಸ್ ಮಾಡಿ ಇದನ್ನೇ ಉದ್ಯೋಗ ಮಾಡಿಕೊಂಡರೆ ಹೇಗೆ ಎಂದು ಕೇಳಿದ್ದಳು. ಸರ್ಟಿಫಿಕೇಟ್ ಇದೆ ಎಂದ ಮಾತ್ರಕ್ಕೆ ಅದರ ಹಿಂದೆ ವಿದ್ಯೆ ಇದೆ ಎಂದಲ್ಲ ಎಂದೆ. ಬಾಣಂತಿಯರ ಸೇವೆಯೇ ಮಾಡಬೇಕೆಂದಿದ್ದರೆ ನರ್ಸಿಂಗ್ ಇದೆ, ಆಪ್ತಸಮಾಲೋಚನೆ ಇದೆ.

ಮನೆಯಲ್ಲಿ ಬಾಣಂತಿಯಿದ್ದರೆ ಕಬ್ಬಿಣದ ಮಾತ್ರೆ ನುಂಗಿದಳೇ ಎಂದು ಕೇಳಿ. ಎರಡು ಗಂಟೆ ಮಗು ಎತ್ತಿಕೊಂಡು ಅವಳನ್ನು ಮಲಗಲು ಬಿಡಿ. ಹೆರಿಗೆಯಾಗಿ ಎರಡು ವಾರ ಕಳೆದರೂ ಅಳು, ಮಂಕು ಹೋಗದಿದ್ದರೆ 'ಎಲ್ಲರಿಗೂ ಹೀಗೇ' ಎಂದು ಸುಮ್ಮನಿರಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ಖರ್ಚಿಲ್ಲ. ತೀರಾ ಹೆಚ್ಚಾದರೆ ತಾಯಿ-ಮಗುವನ್ನು ಒಟ್ಟಿಗೇ ಇರಿಸಿಕೊಂಡು ಚಿಕಿತ್ಸೆ ಕೊಡುವ ವಿಭಾಗ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2009ರಿಂದಲೇ ಇದೆ. ಮುಂದಿನ ಸಲ ಅಂಥ ರೀಲ್ ಬಂದರೆ ಫಾರ್ವರ್ಡ್ ಮಾಡುವ ಬದಲು ಈ ನಂಬರ್ ಕಳಿಸಿ.