ರಾಜ್ಯವಿಂಗಡಣೆಯೂ ನಮ್ಮ ಕನ್ನಡ ಶಾಲೆಗಳೂ

ಪ್ರತಿವರ್ಷ ನವೆಂಬರ್ 1ನೆಯ ದಿನವನ್ನು ಠಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಗಳ ಕನ್ನಡಿಗರಾದ ನಾವು ಉತ್ಸಾಹದಿಂದ ಆಚರಿಸುತ್ತೇವೆ. ಅದು ಉಚಿತವೇ ಸರಿ. ಆದರೆ 1956ರ ಆ ದಿನವು ಕರ್ನಾಟಕವನ್ನು ಒಂದುಗೂಡಿಸಿದಂತೆಯೇ ನಮ್ಮನ್ನು ಅದರ ಹೊರಗಿರಿಸಿತೆಂಬ ಮಾತನ್ನು ವೇದಿಕೆಯ ಮೇಲೆ ಆಡುವವರು ವಿರಳ. ಅಲ್ಲಿಯ ತನಕ ಧಾರವಾಡದಿಂದಲೋ ವಿಜಾಪುರದಿಂದಲೋ ರೈಲು ಹಿಡಿದು ಕಲ್ಯಾಣದಲ್ಲಿ ಇಳಿದವನು, ಕಾರವಾರದಿಂದ ಹಡಗು ಹತ್ತಿ ಮುಂಬಯಿ ಸೇರಿದವನು, ತನ್ನದೇ ಪ್ರಾಂತದ ರಾಜಧಾನಿಯ ಆಸರೆಗೆ ಬಂದವನಾಗಿದ್ದನು. ಕನ್ನಡವು ಆ ಪ್ರಾಂತದ ನುಡಿಗಳಲ್ಲೊಂದು. ನಾಲ್ಕು ಕನ್ನಡ ಜಿಲ್ಲೆಗಳು ಮೈಸೂರು ರಾಜ್ಯವನ್ನು ಸೇರಿ, 1960ರ ಮೇ 1ರಂದು ಮಹಾರಾಷ್ಟ್ರವು ಉದಯಿಸಿದ ಮೇಲೆ ಅದೇ ಕನ್ನಡ ಇಲ್ಲಿ ಅಲ್ಪಸಂಖ್ಯಾತರ ನುಡಿಯಾಯಿತು. ಮಂಗಳೂರು, ಉಡುಪಿಗಳ ಕಡೆಯವರಿಗೆ ಈ ಮಾತು ಅನ್ವಯಿಸದು. ಅವರ ಜಿಲ್ಲೆ ಮದ್ರಾಸು ಪ್ರಾಂತದಲ್ಲಿದ್ದುದರಿಂದ ಅವರು ಮೊದಲಿನಿಂದಲೂ ಪರಪ್ರಾಂತದಿಂದ ಬಂದವರೇ. ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ ಆಡುತ್ತ, ಈ ಸೀಮೆಯಲ್ಲಿ ಕನ್ನಡ ಶಾಲೆಗಳನ್ನು ಉಳಿಸಿದವರಲ್ಲಿ ಅವರ ಪಾಲು ಹಿರಿದೆಂಬುದನ್ನು ಹೇಳದೆ ಹೋದರೆ ಕೃತಘ್ನತೆಯಾದೀತು.

ನಾವಾದರೋ ಉದ್ಯೋಗವನ್ನರಸಿ ಬಂದವರು. ಅಕ್ಕಲಕೋಟೆ, ಜತ್ತ, ದಕ್ಷಿಣ ಸೊಲ್ಲಾಪುರಗಳ ಕನ್ನಡಿಗರು ಹುಟ್ಟಿದ ಮನೆಯನ್ನು ಬಿಟ್ಟು ಕದಲಿದವರೇ ಅಲ್ಲ. ಜೊತೆಯಲ್ಲಿದ್ದ ಕನ್ನಡ ಜಿಲ್ಲೆಗಳು ಅಗಲಿಹೋದುದರಿಂದ ಅವರು ಅಲ್ಪಸಂಖ್ಯಾತರಾದರು. ಅದೇ ದಿನ ಕೇರಳದ ಪಾಲಾದ ಕಾಸರಗೋಡಿನವರ ಪಾಡೂ ಅದೇ. 1967ರ ಮಹಾಜನ ಆಯೋಗದ ವರದಿ ಇವುಗಳ ಬಗೆಗೆ ಏನು ಹೇಳಿತೆಂಬುದನ್ನು ನಮ್ಮ ಮಕ್ಕಳು ಬಲ್ಲರು. ಅದು ಜಾರಿಗೆ ಬಾರದೆ ಉಳಿದುದನ್ನೂ ಬಲ್ಲರು.

ಈ ತೊಡಕನ್ನು ಅಂದಿನ ಹಿರಿಯರು ಮುಂಗಾಣದೆ ಇರಲಿಲ್ಲ. ಒಂದು ತರಗತಿಯಲ್ಲಿ 10 ಅಥವಾ ಇಡೀ ಶಾಲೆಯಲ್ಲಿ 40 ಮಕ್ಕಳಿದ್ದರೆ ಅವರ ಮಾತೃಭಾಷೆಯಲ್ಲಿ ಕಲಿಸಲು ಒಬ್ಬ ಶಿಕ್ಷಕನನ್ನಾದರೂ ನೇಮಿಸಬೇಕೆಂದು ಪ್ರಾಂತಗಳ ಶಿಕ್ಷಣಮಂತ್ರಿಗಳು 1949ರಲ್ಲಿಯೇ ಒಪ್ಪಿದ್ದರು. 1956ರಲ್ಲಿ ಸಂವಿಧಾನಕ್ಕೆ ಸೇರಿದ 350ಎ ವಿಧಿಯು ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಕಲ್ಪಿಸಲು ಪ್ರತಿಯೊಂದು ರಾಜ್ಯವೂ ಯತ್ನಿಸಬೇಕೆಂದಿತು. ಯತ್ನಿಸಬೇಕು ಎಂಬ ಪದದಲ್ಲಿ ಎಷ್ಟು ಅವಕಾಶವಿದೆಯೋ ಅಷ್ಟೇ ಸಡಿಲವೂ ಇದೆ. ಪ್ರಾಥಮಿಕ ಹಂತ ಮುಗಿದ ಮೇಲೇನು ಎಂಬುದಕ್ಕಂತೂ ಆ ವಿಧಿಯಲ್ಲಿ ಉತ್ತರವಿಲ್ಲ.

ನಮ್ಮ ಸಭೆಗಳಲ್ಲಿ ಮಹಾರಾಷ್ಟ್ರ ಸರಕಾರವನ್ನು ಹಳಿಯುವ ಮಾತು ಸುಲಭವಾಗಿ ಹೊರಡುತ್ತದೆ. ನಾವು ಆ ಸಾಲಿಗೆ ಸೇರಲೊಲ್ಲೆವು. 1967ರಲ್ಲಿ ಪುಣೆಯಲ್ಲಿ ಸ್ಥಾಪಿತವಾದ ಬಾಲಭಾರತಿಯು ಮರಾಠಿಯಂತೆ ಕನ್ನಡದಲ್ಲಿಯೂ ಪಠ್ಯಪುಸ್ತಕಗಳನ್ನು ಅಚ್ಚುಹಾಕಿಸುತ್ತದೆ. ಶಿವಾಜಿ ಮಹಾರಾಜರ ಚರಿತ್ರೆಯನ್ನು ನಮ್ಮ ಮಕ್ಕಳು ಓದುವುದು ಕನ್ನಡದಲ್ಲಿ. ಹತ್ತನೆಯ ತರಗತಿಯ ಪರೀಕ್ಷೆಯನ್ನೂ ಕನ್ನಡದಲ್ಲಿ ಬರೆಯಬಹುದು. ಎಲ್ಲ ಶಾಲೆಗಳಲ್ಲಿ ಮರಾಠಿಯನ್ನು ಕಡ್ಡಾಯಗೊಳಿಸಿದ 2020ರ ಕಾಯಿದೆಯೂ ನಮಗೆ ಭಾರವಾಗಬೇಕಾದುದಲ್ಲ. ಅನ್ನವಿತ್ತ ನೆಲದ ನುಡಿಯನ್ನು ಕಲಿಯುವುದಕ್ಕೆ ಯಾರ ಅಪ್ಪಣೆ ಬೇಕು? ಒಂದನೆಯ ತರಗತಿಯಿಂದ ಮೂರನೆಯ ಭಾಷೆಯಾಗಿ ಹಿಂದಿ ಬರಬೇಕೇ ಬೇಡವೇ ಎಂದು 2025ರಲ್ಲಿ ಈ ರಾಜ್ಯದಲ್ಲಿ ದೊಡ್ಡ ಕೋಲಾಹಲವೆದ್ದು, ಜೂನ್ ತಿಂಗಳಲ್ಲಿ ಸರಕಾರ ತನ್ನ ಆಜ್ಞೆಯನ್ನು ಹಿಂತೆಗೆದುಕೊಂಡಿತು. ಕನ್ನಡ ಶಾಲೆಯ ಮಗುವಾದರೋ ಕನ್ನಡ, ಮರಾಠಿ, ಇಂಗ್ಲಿಷು ಎಂಬ ಮೂರನ್ನೂ ಮೊದಲ ತರಗತಿಯಿಂದಲೇ ಸದ್ದಿಲ್ಲದೆ ಹೊತ್ತುಕೊಂಡು ಬಂದಿದೆ.

ಹಾಗಾದರೆ ಕೊರತೆ ಎಲ್ಲಿದೆ? ಪುಸ್ತಕವಿದ್ದ ಮಾತ್ರಕ್ಕೆ ಶಾಲೆ ನಡೆಯದು. ಗಣಿತವನ್ನೂ ವಿಜ್ಞಾನವನ್ನೂ ಕನ್ನಡದಲ್ಲಿ ಬೋಧಿಸಬಲ್ಲ ಶಿಕ್ಷಕರು ಬೇಕು. ಅಂಥವರು ಹೇರಳವಾಗಿ ಸಿದ್ಧರಾಗುವುದು ಧಾರವಾಡ, ಕಲಬುರಗಿಗಳ ಕಡೆ. ಆದರೆ ರಾಜ್ಯ ಬೇರೆಯಾದುದರಿಂದ ಶಿಕ್ಷಕರ ಅರ್ಹತಾ ಪರೀಕ್ಷೆಯೂ ಬೇರೆ, ನೇಮಕದ ನಿಯಮವೂ ಬೇರೆ. ಇತ್ತ, ಹತ್ತನೆಯ ತರಗತಿ ದಾಟಿದೊಡನೆ ನಮ್ಮ ಮಕ್ಕಳ ಹಾದಿ ಇಂಗ್ಲಿಷಿನ ಕಡೆಗೇ ತಿರುಗುತ್ತದೆ. ಅದನ್ನರಿತ ತಂದೆತಾಯಿಗಳು ಶಿಶುವಿಹಾರದಿಂದಲೇ ಇಂಗ್ಲಿಷ್ ಶಾಲೆಯ ಬಾಗಿಲು ತಟ್ಟುವುದನ್ನು ಬರಿಯ ಭಾಷಾದ್ರೋಹವೆಂದು ಜರೆದು ಪ್ರಯೋಜನವಿಲ್ಲ. ಮಕ್ಕಳು ಕಡಿಮೆಯಾದಂತೆ ತರಗತಿ ಮುಚ್ಚುತ್ತದೆ. ತರಗತಿ ಮುಚ್ಚಿದಂತೆ ಮಕ್ಕಳು ಇನ್ನೂ ಕಡಿಮೆಯಾಗುತ್ತಾರೆ. ಕನ್ನಡವನ್ನು ಇಲ್ಲಿ ಯಾರೂ ನಿಷೇಧಿಸಿಲ್ಲ. ನಿಷೇಧವಿಲ್ಲದೆಯೂ ಶಾಲೆಯೊಂದು ಬರಿದಾಗಬಲ್ಲುದು.

ಈಗ ಕೆಲವರಿಗೆ ಕಹಿಯೆನಿಸಬಹುದಾದ ಮಾತೊಂದನ್ನು ಹೇಳಬೇಕಾಗಿದೆ. ಠಾಣೆ, ಡೊಂಬಿವಲಿಗಳಲ್ಲಿ ನಾವು ಕನ್ನಡಕ್ಕಾಗಿ ಏನನ್ನು ಬೇಡುತ್ತೇವೆಯೋ ಅದನ್ನು ಬೆಳಗಾವಿಯ ಮರಾಠಿ ಮಗುವಿಗೂ ಬೇಡಬೇಕು. ಅಲ್ಲಿ ಮರಾಠಿ ಶಾಲೆಗೆ ಶಿಕ್ಷಕರಿಲ್ಲವೆಂದರೆ ಸಂತೋಷಪಟ್ಟು, ಇಲ್ಲಿ ಕನ್ನಡ ಶಾಲೆಗೆ ಶಿಕ್ಷಕರಿಲ್ಲವೆಂದು ಕಣ್ಣೀರಿಡುವ ನಾಲಗೆಗೆ ಬೆಲೆಯೆಲ್ಲಿಯದು? ಅಲ್ಪಸಂಖ್ಯಾತರ ಸಂಕಟ ಕನ್ನಡಿಗರಿಗೆ ಹೊಸತಲ್ಲ. ಅಚ್ಚಕನ್ನಡ ನಾಡಾದ ಧಾರವಾಡದ ಶಾಲೆಗಳಲ್ಲಿಯೇ ಮರಾಠಿ ನಡೆಯುತ್ತಿದ್ದ ಕಾಲದಲ್ಲಿ ಡೆಪ್ಯುಟಿ ಚನ್ನಬಸಪ್ಪನವರು ಊರೂರಿಗೆ ಕನ್ನಡ ಶಾಲೆ ತೆರೆಸಬೇಕಾಯಿತು. 1890ರಲ್ಲಿ ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿದುದೂ ಆ ನೋವಿನಿಂದಲೇ. ಆ ನೋವನ್ನು ಉಂಡವರ ಮಕ್ಕಳು ತಮಗೊಂದು ರಾಜ್ಯ ದೊರೆತ ಮೇಲೆ ಇನ್ನೊಬ್ಬರಿಗೆ ಅದನ್ನೇ ಉಣಬಡಿಸಬಾರದು. ಇದೇ ಮಾತನ್ನು ಮರಾಠಿ ಬಂಧುಗಳಿಗೂ ನಾವು ವಿನಯದಿಂದ ಹೇಳಬಲ್ಲೆವು. ಆದರೆ ಮೊದಲು ನಮ್ಮವರಿಗೆ ಹೇಳಿದರೆ ಅದಕ್ಕೆ ತೂಕ ಹೆಚ್ಚು.

ಎರಡು ಸರಕಾರಗಳೂ ಗಡಿಯ ವ್ಯಾಜ್ಯವನ್ನು ನ್ಯಾಯಾಲಯಕ್ಕೆ ಬಿಟ್ಟು, ಶಾಲೆಯ ವಿಷಯವನ್ನು ಬೇರೆಯಾಗಿ ಎತ್ತಿಕೊಳ್ಳಬಾರದೇಕೆ? 1956ರ ರಾಜ್ಯ ಪುನರ್ವಿಂಗಡಣಾ ಕಾಯಿದೆಯೇ ವಲಯ ಪರಿಷತ್ತುಗಳನ್ನು ನಿರ್ಮಿಸಿ, ಭಾಷಾ ಅಲ್ಪಸಂಖ್ಯಾತರ ಪ್ರಶ್ನೆಗಳನ್ನು ಅವುಗಳ ಮುಂದೆ ಚರ್ಚಿಸಬಹುದೆಂದು ಹೇಳಿದೆ. ವಿಚಿತ್ರವೆಂದರೆ ಕರ್ನಾಟಕ ದಕ್ಷಿಣ ವಲಯದಲ್ಲಿದೆ, ಮಹಾರಾಷ್ಟ್ರ ಪಶ್ಚಿಮ ವಲಯದಲ್ಲಿದೆ. ಹೀಗಾಗಿ ಒಂದೇ ಬಗೆಯ ಸಂಕಟವುಳ್ಳ ಇಬ್ಬರು ನೆರೆಯವರು ಬೇರೆ ಬೇರೆ ಪಂಕ್ತಿಗಳಲ್ಲಿ ಕುಳಿತಿದ್ದಾರೆ. ಎರಡು ಪರಿಷತ್ತುಗಳು ಕೂಡಿ ಸೇರಲು ಅದೇ ಕಾಯಿದೆಯಲ್ಲಿ ದಾರಿಯಿದೆ. ಅಂಥ ಸಭೆಯ ಮುಂದೆ ನಾವಿಡುವ ಬೇಡಿಕೆ ಚಿಕ್ಕದು: ಕರ್ನಾಟಕದ ಅರ್ಹತಾ ಪರೀಕ್ಷೆಯಲ್ಲಿ ತೇರ್ಗಡೆಯಾದ ಕನ್ನಡ ಶಿಕ್ಷಕನು ಕಲ್ಯಾಣದ ಶಾಲೆಯಲ್ಲಿಯೂ, ಮಹಾರಾಷ್ಟ್ರದ ಪರೀಕ್ಷೆಯಲ್ಲಿ ತೇರ್ಗಡೆಯಾದ ಮರಾಠಿ ಶಿಕ್ಷಕನು ಬೆಳಗಾವಿಯ ಶಾಲೆಯಲ್ಲಿಯೂ, ಮತ್ತೊಂದು ಪರೀಕ್ಷೆಯಿಲ್ಲದೆ ಪಾಠ ಹೇಳುವಂತಾಗಲಿ.