ಹೋಗುವಾಗ ಕೇಳದವರು ಬರುವಾಗ ಕಿತ್ತಾಡಿದರು

1990ರ ಮಾರ್ಚ್ 24ರಂದು ಭಾರತೀಯ ಶಾಂತಿಪಾಲನಾ ಪಡೆಯ ಕೊನೆಯ ತುಕಡಿ ಶ್ರೀಲಂಕಾ ಬಿಟ್ಟಿತು. ಮದ್ರಾಸ್ ಬಂದರಿನಲ್ಲಿ ಇಳಿದ ಯೋಧರನ್ನು ಬರಮಾಡಿಕೊಳ್ಳಲು ತಮಿಳುನಾಡಿನ ಮುಖ್ಯಮಂತ್ರಿ ಎಂ. ಕರುಣಾನಿಧಿ ಹೋಗಲಿಲ್ಲ. ತಮಿಳರನ್ನು ಕೊಂದ ಸೈನ್ಯವನ್ನು ಸ್ವಾಗತಿಸಲಾರೆ ಎಂಬುದು ಅವರ ನಿಲುವಾಗಿತ್ತು. ದಿಲ್ಲಿಯಲ್ಲಿ ಆಗ ವಿ.ಪಿ. ಸಿಂಗ್ ಸರ್ಕಾರ. ಪಡೆ ಕಳಿಸಿದ್ದ ರಾಜೀವ್ ಗಾಂಧಿ ವಿರೋಧ ಪಕ್ಷದಲ್ಲಿದ್ದರು.

ಆ ವಾಪಸಾತಿಯ ಜಗಳ ಇವತ್ತಿಗೂ ಮುಗಿದಿಲ್ಲ. ರಾಜಕಾರಣಿಗಳು ಸೈನ್ಯದ ಕೈ ಕಟ್ಟಿ ಹಾಕಿದರು, ಇನ್ನೊಂದು ವರ್ಷ ಬಿಟ್ಟಿದ್ದರೆ ತಮಿಳು ಉಗ್ರರ ಸಂಘಟನೆ ಎಲ್‌ಟಿಟಿಇ ಕಥೆ ಅಲ್ಲೇ ಮುಗಿಯುತ್ತಿತ್ತು ಎಂದು ಟಿವಿ ಚರ್ಚೆಗಳಲ್ಲಿ ಈಗಲೂ ಗುಡುಗುವವರಿದ್ದಾರೆ. ನಾನು ಇದನ್ನು ಒಪ್ಪುವುದಿಲ್ಲ. ಪಡೆ ಮರಳಿದ್ದು ಸರಿ. ಮರಳಲು ತಡವಾಯಿತು ಎಂಬುದೇ ನನ್ನ ತಕರಾರು.

ಇಡೀ ಪ್ರಕರಣ ಎಷ್ಟು ಅವಸರದಲ್ಲಿ ಶುರುವಾಯಿತೆಂದು ನೆನೆಯಬೇಕು. 1987ರ ಜುಲೈ 29ರಂದು ಕೊಲಂಬೊದಲ್ಲಿ ರಾಜೀವ್ ಗಾಂಧಿ ಮತ್ತು ಶ್ರೀಲಂಕಾ ಅಧ್ಯಕ್ಷ ಜೆ.ಆರ್. ಜಯವರ್ಧನೆ ಶಾಂತಿ ಒಪ್ಪಂದಕ್ಕೆ ಸಹಿ ಹಾಕಿದರು. ಮರುದಿನ ಗೌರವ ವಂದನೆ ಸ್ವೀಕರಿಸುತ್ತಿದ್ದಾಗ ಸಾಲಿನಲ್ಲಿ ನಿಂತಿದ್ದ ಸಿಂಹಳ ನಾವಿಕನೊಬ್ಬ ಬಂದೂಕಿನ ಹಿಡಿ ಎತ್ತಿ ನಮ್ಮ ಪ್ರಧಾನಿಯ ಮೇಲೆ ಬೀಸಿದ. ರಾಜೀವ್ ತಲೆ ತಗ್ಗಿಸಿದ್ದರಿಂದ ಪೆಟ್ಟು ಹೆಗಲಿಗೆ ಬಿತ್ತು. ಈ ಒಪ್ಪಂದವನ್ನು ಆ ನೆಲ ಹೇಗೆ ನೋಡುತ್ತಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಆದರೂ ಪಡೆಗಳು ಹೋಗಿ ಇಳಿದವು. ಸಂಸತ್ತಿನಲ್ಲಿ ಮತಕ್ಕೆ ಹಾಕಿ ಕಳಿಸಿದ ಪಡೆಯಲ್ಲ ಅದು. ಹಾಗೆ ಮತಕ್ಕೆ ಹಾಕಬೇಕೆಂಬ ಕಾನೂನು ಅಂದೂ ಇರಲಿಲ್ಲ, ಇಂದಿಗೂ ಇಲ್ಲ.

ಒಪ್ಪಿಸಿದ್ದ ಕೆಲಸ ತಮಿಳು ಉಗ್ರರಿಂದ ಶಸ್ತ್ರಾಸ್ತ್ರ ಪಡೆದುಕೊಳ್ಳುವುದು, ಅವರ ಮತ್ತು ಶ್ರೀಲಂಕಾ ಸೈನ್ಯದ ನಡುವೆ ನಿಲ್ಲುವುದು. ಎರಡೂವರೆ ತಿಂಗಳಲ್ಲಿ ಆ ಕೆಲಸ ಯುದ್ಧವಾಗಿ ಬದಲಾಯಿತು. ಅಕ್ಟೋಬರ್ 11ರ ರಾತ್ರಿ ಜಾಫ್ನಾ ವಿಶ್ವವಿದ್ಯಾಲಯದ ಮೈದಾನಕ್ಕೆ ಹೆಲಿಕಾಪ್ಟರ್‌ಗಳು ಯೋಧರನ್ನು ಇಳಿಸತೊಡಗಿದವು. ಎಲ್‌ಟಿಟಿಇ ನಾಯಕರನ್ನು ಅಲ್ಲೇ ಹಿಡಿಯುವ ಯೋಜನೆ. ಎದುರಾಳಿಗೆ ಸುಳಿವು ಮೊದಲೇ ಸಿಕ್ಕಿತ್ತು. ಸುತ್ತಲಿನ ಕಟ್ಟಡಗಳಿಂದ ಗುಂಡಿನ ಮಳೆ. ಸಿಖ್ ಲೈಟ್ ಇನ್‌ಫೆಂಟ್ರಿಯ 13ನೇ ಬೆಟಾಲಿಯನ್‌ನ 30 ಮಂದಿ ಇಳಿದ ಮೇಲೆ ಮುಂದಿನ ಹೆಲಿಕಾಪ್ಟರ್‌ಗಳಿಗೆ ಇಳಿಯಲು ಆಗಲೇ ಇಲ್ಲ. ಆ 30 ಮಂದಿ ಬಯಲಲ್ಲಿ ಒಂಟಿಯಾದರು. ಮದ್ದುಗುಂಡು ಮುಗಿಯುವ ತನಕ ಕಾದಾಡಿದರು. 29 ಮಂದಿ ಸತ್ತರು, ಒಬ್ಬ ಸೆರೆಸಿಕ್ಕ. ಶಾಂತಿ ಕಾಯಲೆಂದು ಹೋದವರು ಅವರು.

ಅದೇ ತಿಂಗಳು, ದೀಪಾವಳಿಯ ಹೊತ್ತಿನಲ್ಲಿ, ನಮ್ಮ ಪಡೆ ಜಾಫ್ನಾ ಆಸ್ಪತ್ರೆಯೊಳಗೆ ನುಗ್ಗಿ ಗುಂಡು ಹಾರಿಸಿತು. ರೋಗಿಗಳು, ವೈದ್ಯರು, ದಾದಿಯರು ಸೇರಿ ಅರವತ್ತಕ್ಕೂ ಹೆಚ್ಚು ಜನ ಸತ್ತರು. 1989ರ ಆಗಸ್ಟ್‌ನಲ್ಲಿ ವಾಲ್ವೆಟ್ಟಿತುರೈಯಲ್ಲಿ ಮತ್ತೆ ಹಲವಾರು ನಾಗರಿಕರು ಬಲಿಯಾದರು. ಇದನ್ನು ಬರೆದರೆ ದೇಶದ್ರೋಹ ಎನ್ನುವವರಿದ್ದಾರೆ. ಬರೆಯದಿದ್ದರೆ ಕರುಣಾನಿಧಿಯವರ ಸಿಟ್ಟು ಎಲ್ಲಿಂದ ಬಂತೆಂದು ಅರ್ಥವಾಗುವುದಿಲ್ಲ. ಸಿಟ್ಟಿಗೆ ಕಾರಣವಿತ್ತು. ಆದರೆ ಅದನ್ನು ತೋರಿಸಬೇಕಾದ್ದು ದಿಲ್ಲಿಯ ಕುರ್ಚಿಗಳ ಕಡೆಗೆ, ಗುಂಡು ಹಾರಿಸಿದ ತಪ್ಪಿತಸ್ಥರ ಕಡೆಗೆ. ಹಡಗಿನಿಂದ ಟ್ರಂಕ್ ಹೊತ್ತು ಇಳಿದ ಸಾವಿರಾರು ಜವಾನರೆಲ್ಲರ ಮುಂದೆ ಬಾಗಿಲು ಹಾಕಿಕೊಂಡದ್ದು ದೊಡ್ಡ ತಪ್ಪು.

1989ರಲ್ಲಿ ಅಧ್ಯಕ್ಷರಾದ ಪ್ರೇಮದಾಸ, ಒಪ್ಪಂದಕ್ಕೆ ಎರಡು ವರ್ಷ ತುಂಬುವ ಜುಲೈ 29ರೊಳಗೆ ಪಡೆ ಹೊರಡಬೇಕೆಂದು ಬಹಿರಂಗವಾಗಿ ಗಡುವು ಕೊಟ್ಟರು. ಕರೆದ ಮನೆಯವರೇ ಹೊರಡಿ ಎಂದ ಮೇಲೆ ಅಲ್ಲಿ ನಿಲ್ಲಲು ಯಾವ ಆಧಾರ? ರಾಜೀವ್ ಸರ್ಕಾರ ಒಪ್ಪಲಿಲ್ಲ. ತಮಿಳರಿಗೆ ಅಧಿಕಾರ ಹಂಚಿಕೆಯಾಗಲಿ, ಅವರ ಸುರಕ್ಷತೆ ಖಾತ್ರಿಯಾಗಲಿ, ಆಮೇಲೆ ವಾಪಸಾತಿ ಎಂದಿತು. ಕಾಗದದಲ್ಲಿ ಈ ವಾದ ಚೆನ್ನಾಗಿದೆ. ಆದರೆ ಪ್ರೇಮದಾಸ ಆ ಹೊತ್ತಿಗೆ ನಮ್ಮ ಯೋಧರ ವಿರುದ್ಧ ಬಳಸಲು ಎಲ್‌ಟಿಟಿಇಗೇ ಶಸ್ತ್ರ ಕೊಡಿಸುತ್ತಿದ್ದರು. ಸಿಂಹಳರಿಗೆ ನಾವು ಬೇಡ, ತಮಿಳರಿಗೆ ಬೇಡ, ಸರ್ಕಾರಕ್ಕೆ ಬೇಡ, ಉಗ್ರರಿಗಂತೂ ಬೇಡವೇ ಬೇಡ. ಇಂಥ ಜಾಗದಲ್ಲಿ ಜವಾನ ಯಾರಿಗಾಗಿ ಪಹರೆ ನಿಲ್ಲಬೇಕು? ಗಡುವಿನ ದಿನ ಸುಮಾರು 600 ಯೋಧರನ್ನು ಹಡಗು ಹತ್ತಿಸಿ ಮಾನ ಉಳಿಸಿಕೊಂಡೆವು. ಉಳಿದವರೆಲ್ಲ ಹೊರಡಲು ಇನ್ನೂ ಸುಮಾರು ಎಂಟು ತಿಂಗಳು ಹಿಡಿಯಿತು.

ಆಗೆಲ್ಲ ಕೇಳಿಬಂದ ಮಾತೊಂದಿದೆ. ಈಗ ಹಿಂದೆ ಸರಿದರೆ ಸತ್ತವರ ಬಲಿದಾನ ವ್ಯರ್ಥವಾಗುತ್ತದೆ. ಈ ಮಾತು ಕೇಳಿದಾಗಲೆಲ್ಲ ನನ್ನ ರಕ್ತ ಕುದಿಯುತ್ತದೆ. ಸತ್ತ ಮಗನ ಹೆಸರು ಹೇಳಿ ಪಕ್ಕದ ಮನೆಯ ಮಗನನ್ನು ಕಳಿಸುವುದು ಯಾವ ನ್ಯಾಯ? ಶ್ರೀಲಂಕಾದಲ್ಲಿ ನಾವು ಕಳೆದುಕೊಂಡದ್ದು ಸುಮಾರು 1,200 ಯೋಧರನ್ನು. ಮರಣೋತ್ತರ ಪರಮವೀರ ಚಕ್ರ ಪಡೆದ ಮೇಜರ್ ರಾಮಸ್ವಾಮಿ ಪರಮೇಶ್ವರನ್ ಅವರಲ್ಲೊಬ್ಬರು. ಅವರ ಶೌರ್ಯಕ್ಕೆ ಆ ಯುದ್ಧ ಸರಿಯಾಗಿರಬೇಕಾದ ಅಗತ್ಯವೇ ಇಲ್ಲ. ಕಳಿಸಿದ್ದು ತಪ್ಪಾದರೂ ಅವರು ಹೋರಾಡಿದ್ದು ದೊಡ್ಡದೇ.

ವಾಪಸಾತಿಯ ವಿರೋಧಿಗಳ ಬಳಿ ಗಟ್ಟಿಯಾದ ವಾದವೂ ಒಂದಿದೆ, ಅದನ್ನು ನಾನು ತಳ್ಳಿಹಾಕುವುದಿಲ್ಲ. ಪಡೆ ಮರಳಿದ ಮೂರೇ ತಿಂಗಳಲ್ಲಿ ಎಲ್‌ಟಿಟಿಇ ಮತ್ತೆ ಯುದ್ಧ ಆರಂಭಿಸಿತು, ಶರಣಾದ ನೂರಾರು ಪೊಲೀಸರನ್ನು ಕೊಂದಿತು. ಅದೇ ವರ್ಷ ಉತ್ತರದ ಮುಸ್ಲಿಮರನ್ನು ಉಟ್ಟ ಬಟ್ಟೆಯಲ್ಲಿ ಓಡಿಸಿತು. 1991ರ ಮೇ 21ರಂದು ಶ್ರೀಪೆರಂಬದೂರಿನಲ್ಲಿ ರಾಜೀವ್ ಅವರನ್ನೇ ಬಲಿ ತೆಗೆದುಕೊಂಡಿತು. ಆ ಹಂತಕರ ಬೇಟೆ ಮುಗಿದದ್ದು ನಮ್ಮ ಬೆಂಗಳೂರಿನ ಕೋಣನಕುಂಟೆಯ ಒಂದು ಮನೆಯಲ್ಲಿ. ಇಷ್ಟೆಲ್ಲ ನಿಜ. ಆದರೆ ಶ್ರೀಲಂಕಾದ ಸೈನ್ಯ ತನ್ನದೇ ನೆಲದಲ್ಲಿ ಈ ಯುದ್ಧ ಮುಗಿಸಲು 2009ರವರೆಗೆ ಹೆಣಗಾಡಿತು. ಯಾರಿಗೂ ಬೇಡವಾದ ಪರದೇಶದ ಸೈನ್ಯ ಇನ್ನೊಂದೇ ವರ್ಷದಲ್ಲಿ ಮುಗಿಸುತ್ತಿತ್ತೆಂದು ಯಾವ ಧೈರ್ಯದಲ್ಲಿ ಹೇಳುತ್ತಾರೆ?

ನನ್ನ ಬೇಡಿಕೆ ಇಷ್ಟೇ. ಗಡಿಯಾಚೆ ಯುದ್ಧಕ್ಕೆ ಪಡೆ ಕಳಿಸಬೇಕಾದರೆ ಲೋಕಸಭೆಯಲ್ಲಿ ಮತಕ್ಕೆ ಹಾಕಿ. ಏನು ಕೆಲಸ, ಎಷ್ಟು ದಿನ ಎಂದು ಬರೆದು ಕೊಡಿ. ಕೆಲಸ ಬದಲಾದರೆ ಮತ್ತೆ ಸದನಕ್ಕೆ ಬನ್ನಿ. ಜರ್ಮನಿಯಲ್ಲಿ ಸಂಸತ್ತಿನ ಒಪ್ಪಿಗೆಯಿಲ್ಲದೆ ಸೈನ್ಯ ಯುದ್ಧಕ್ಕೆ ಹೊರದೇಶಕ್ಕೆ ಹೋಗುವಂತಿಲ್ಲ. ತುರ್ತು ಬಂದರೆ ಏನು ಮಾಡುತ್ತೀರಿ ಎನ್ನುತ್ತಾರೆ. 1988ರ ನವೆಂಬರ್‌ನಲ್ಲಿ ಮಾಲ್ಡೀವ್ಸ್ ಅಧ್ಯಕ್ಷರು ಕರೆದಾಗ ನಮ್ಮ ವಿಮಾನಗಳು ಕೆಲವೇ ಗಂಟೆಗಳಲ್ಲಿ ಹಾರಿದವು, ದಂಗೆ ಅಡಗಿತು. ಅಂಥ ಹೊತ್ತಿನಲ್ಲಿ ಹೋಗಿ, ತಿಂಗಳೊಳಗೆ ಬಂದು ಒಪ್ಪಿಗೆ ಪಡೆಯಿರಿ. ಸಂಸತ್ತು ಬಾಯಿ ಬಿಟ್ಟರೆ ಏನಾಗುತ್ತದೆಂದು 2003ರಲ್ಲಿ ಕಂಡಿದ್ದೇವೆ. ಇರಾಕ್‌ಗೆ ಪಡೆ ಕಳಿಸಿ ಎಂದು ಅಮೆರಿಕ ಕೇಳಿತ್ತು. ಲೋಕಸಭೆ ಏಪ್ರಿಲ್‌ನಲ್ಲೇ ಆ ಯುದ್ಧವನ್ನು ಖಂಡಿಸಿ ನಿರ್ಣಯ ಮಾಡಿತ್ತು. ಜುಲೈನಲ್ಲಿ ವಾಜಪೇಯಿ ಸರ್ಕಾರ ಆಗದು ಎಂದಿತು. ಅಲ್ಲಿಂದ ವಾಪಸು ಕರೆಸುವ ಜಗಳ ನಮಗೆ ಬರಲೇ ಇಲ್ಲ.

ಬೆಳಗಾವಿ ಕಡೆಯ ನಿವೃತ್ತ ಹವಾಲ್ದಾರರೊಬ್ಬರು ನನಗೆ ಪರಿಚಯ. ಜಾಫ್ನಾದಲ್ಲಿದ್ದವರು. ಎಡ ಮೊಣಕಾಲಿನ ಕೆಳಗೆ ಸಿಡಿದ ಚೂರೊಂದು ಇನ್ನೂ ಇದೆ, ಚಳಿಗಾಲದಲ್ಲಿ ಕೈಯಿಂದ ಅದನ್ನು ಒತ್ತಿಕೊಂಡೇ ಮಾತಾಡುತ್ತಾರೆ. ಏನು ಕೆಲಸ ಅಂತ ಹೇಳಿ ಕಳಿಸಿದ್ದರು ನಿಮ್ಮನ್ನು ಎಂದು ಕೇಳಿದ್ದೆ.

“ಅವರ ಕಡಿಂದ ಹತಾರ ಇಸ್ಕೊಂಡು ವಾಪಸ್ ಬರೂದು ಅಂದಿದ್ರರೀ. ಇಳದಾಗ ಮಂದಿ ಕೊಳ್ಳಾಗ ಹಾರ ಹಾಕಿದ್ರು. ಎರಡ ಜೋಡಿ ಅರಿವಿ, ಒಂದ ಚಾದರ ತೊಗೊಂಡು ಹೋಗಿದ್ದೆ. ಹದಿನೈದು ದಿನದಾಗ ಬರ್ತೀನಿ ಅಂತ ಮನ್ಯಾಗ ಕಾಗದ ಬರದಿದ್ದೆ.”

ಅವರು ಮರಳಿದ್ದು ಎರಡು ವರ್ಷದ ಮೇಲೆ.